ಐದನೇ ಬಟ್ಟಲು

ಕಾಫಿ ಪರೀಕ್ಷೆಯ ದಿನ ಬಂತೆಂದರೆ ರೋಶನ್ ಬೀಗೆ ಬೆಳಗ್ಗೆಯೇ ಸುಸ್ತು. ರಾಮನಗರದ ಹೊರವಲಯದ ಒಂದು ಶೆಡ್ಡಿನಲ್ಲಿ ಸುಚಿತ್ರಾ ಮೇಡಂ ಕಾಫಿ ಬೀಜ ಹುರಿದು ಮಾರುತ್ತಿದ್ದರು. ಬೀಜ ಆರಿಸುವುದು, ನೀರು ಕಾಯಿಸುವುದು, ಬಟ್ಟಲು ತೊಳೆಯುವುದು ರೋಶನ್ ಬೀಯ ಕೆಲಸ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ಬಿಚ್ಚಿದವಳು. ಬೆಂದ ಗೂಡಿನ ನಾತದಲ್ಲಿ ಬದುಕಿದವರಿಗೆ ಮೂಗೇ ಸತ್ತುಹೋಗುತ್ತದೆ ಎನ್ನುತ್ತಾರೆ. ಇವಳದು ಸತ್ತಿರಲಿಲ್ಲ. ಯಾವ ತೊಟ್ಟಿಯ ನೀರು ಬದಲಿಸಬೇಕೆಂದು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ನೂಲು ಬಿಚ್ಚುವ ಆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಸೇರಿ ಮೂರು ವರ್ಷವಾಗಿತ್ತು.

ಅವತ್ತು ರುವಾಂಡಾ ದೇಶದ ಒಂದೇ ಊರಿನ ಬೀಜ ಬಂದಿತ್ತು. ಕಪ್ಪಗೆ ಹುರಿಯದೆ, ಚಕ್ಕೆಯ ಬಣ್ಣಕ್ಕೆ ಬರುತ್ತಲೇ ಇಳಿಸಿದ್ದರು. ಐದು ಬಟ್ಟಲಲ್ಲಿ ಪುಡಿ ಹಾಕಿ, ಬಿಸಿನೀರು ಹೊಯ್ದು, ಮೇಲೆ ಕಟ್ಟಿದ ನೊರೆಯನ್ನು ಚಮಚದಿಂದ ಒಡೆದು ಮೂಸಿ, ಸೊರ್ರೆಂದು ಹೀರಿ ಉಗಿಯುವುದು ಅಲ್ಲಿಯ ಪದ್ಧತಿ. ರುಚಿ ನೋಡುವುದು ಚೈತನ್ಯನ ಕೆಲಸ; ಬೆಳಗ್ಗೆಯಿಂದ ನಲವತ್ತು ಬಟ್ಟಲು ಹೀರಿದ್ದ ಅವನ ನಾಲಿಗೆ ಜಡ್ಡುಗಟ್ಟಿತ್ತು. ಕಿತ್ತಳೆ, ಬೆಲ್ಲ, ಕೊನೆಗೆ ಚಹಾದ ಒಗರು ಎಂದು ಬರೆದು ಅವನು ನೂರಕ್ಕೆ ಎಂಬತ್ತೇಳು ಅಂಕ ಕೊಟ್ಟ. ಮೇಡಂ ತಲೆಯಾಡಿಸಿದರು. ಹತ್ತು ಮೂಟೆ ತರಿಸುವುದೆಂದಾಯಿತು.

ರೋಶನ್ ಬೀ ಬಟ್ಟಲು ಎತ್ತತೊಡಗಿದಳು. ಐದನೆಯದು ಮುಖದ ಹತ್ತಿರ ಬಂದಾಗ ಬೇರೇನೋ ವಾಸನೆ ಬಡಿದು ಕೈ ನಿಂತಿತು. ಹೇಳಿದರೆ ಮತ್ತೆ ಎಲ್ಲ ಮೊದಲಿಂದ. ಐದೂವರೆ ಬಸ್ಸು ತಪ್ಪುತ್ತದೆ. ಸೊಸೆ ನಿಖಾತ್ ಒಬ್ಬಳೇ ಮಗುವಿಟ್ಟುಕೊಂಡು ಅಡುಗೆಗೆ ಒದ್ದಾಡುತ್ತಿರುತ್ತಾಳೆ. ತೊಟ್ಟಿಗೆ ಸುರಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಬಟ್ಟಲು ಹಿಡಿದುಕೊಂಡೇ ಮೇಡಂ ಹತ್ತಿರ ಹೋದಳು.

"ಮೇಡಂ, ಒಸಿ ಇದನ್ನ ಮೂಸಿ ನೋಡಿ. ಹಸಿ ಆಲೂಗಡ್ಡೆ ಸಿಪ್ಪೆ ವಾಸ್ನೆ ಹೊಡೀತೈತೆ."

ಚೈತನ್ಯ ಮೂಸಿ, ಏನೂ ಇಲ್ಲವಲ್ಲ ಎಂದ. ಮೇಡಂ ಮೂಸಿದರು, ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು. ಆ ಸೀಮೆಯ ಬೀಜಕ್ಕೆ ಬರುವ ರೋಗವಂತೆ ಅದು. ಕಣ್ಣಿಗೆ ಕಾಣುವುದಿಲ್ಲ, ಒಂದೇ ಬೀಜ ಇಡೀ ಬಟ್ಟಲನ್ನು ಕೆಡಿಸುತ್ತದೆ.

ಮತ್ತೆ ಇಪ್ಪತ್ತು ಬಟ್ಟಲು ಇಟ್ಟರು. ನೀರು ಹೊಯ್ದವಳು ಅವಳೇ, ಮೂಸಿದವಳೂ ಅವಳೇ. ಇನ್ನೆರಡರಲ್ಲಿ ಅದೇ ವಾಸನೆ ಸಿಕ್ಕಿತು. ಮೂಟೆ ಬೇಡವೆಂದು ಮೇಡಂ ಫೋನಿನಲ್ಲಿ ಹೇಳುವ ಹೊತ್ತಿಗೆ ಆರು ದಾಟಿತ್ತು. ಚೆನ್ನಾಗಿರುವ ಬಟ್ಟಲೊಂದನ್ನು ಅವಳ ಮುಂದೆ ಸರಿಸಿ, ಹೇಗಿದೆ ಹೇಳಿ ಎಂದರು. ಅವಳು ಹೀರಿದಳು, ಉಗಿಯಲು ಮನಸ್ಸಾಗದೆ ನುಂಗಿದಳು.

"ಚೆನ್ನಾಗೈತೆ. ಹುಳಿ ಇದ್ರೂ ಹಲ್ಲಿಗೆ ಹತ್ತಲ್ಲ. ಕಾಫಿ ಅಂತ ಮಾತ್ರ ಅನ್ನಿಸ್ಲಿಲ್ಲ."

ಮೇಡಂ ಅದನ್ನು ಹಾಗೇ ಬರೆದುಕೊಂಡರು. ಸೋಮವಾರದಿಂದ ಪರೀಕ್ಷೆಗೆ ನೀವೂ ಇರಬೇಕು, ತೊಳೆಯುವುದಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದರು. ಖುಷಿಪಡಬೇಕೆಂದು ಅವಳಿಗೂ ಗೊತ್ತಿತ್ತು. ಆದರೆ ಇಡೀ ದಿನ ಮೇಜಿನ ಸುತ್ತ ನಿಂತೇ ಇರುವ ಚೈತನ್ಯ ಕಣ್ಣೆದುರಿಗೇ ಇದ್ದ.

"ಆಗ್ಲಿ ಮೇಡಂ. ನನಗೊಂದು ಸ್ಟೂಲ್ ಹಾಕಿಸ್ಕೊಡಿ."

ಸ್ಟೂಲು ಬಂತು. ಈಗ ಅವಳು ಕುಳಿತೇ ಮೂಸುತ್ತಾಳೆ. ಸಂಜೆ ಮನೆಗೆ ಹೋದರೆ ದಿನವಿಡೀ ಹೀರಿ ದಣಿದ ನಾಲಿಗೆಗೆ ನಿಖಾತ್ ಕೊಡುವ ಚಹಾ ಕೂಡ ಸೇರುವುದಿಲ್ಲ; ಒಂದು ಲೋಟ ತಣ್ಣೀರು ಕುಡಿದು ಗೋಡೆಗೊರಗುತ್ತಾಳೆ.