ರೊಟ್ಟಿ ಆಟಕ್ಕೆ ನಾನು ಕೊಟ್ಟ ಒಂದು ಸ್ಟಾರ್

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳುವುದು ಸಲೀಸು. ಚಿಕ್ಕವಳಿದ್ದಾಗ ತಂಗಿಯ ಜಡೆ ನನ್ನದಕ್ಕಿಂತ ಉದ್ದ ಅಂತ ಉರಿದುಕೊಂಡವಳು ನಾನು. ಮದುವೆಯಾದ ಮೇಲೆ ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಮನೆಗೆ ಬಂದ ದಿನದಿಂದ ಉರಿದದ್ದಕ್ಕಂತೂ ಲೆಕ್ಕವೇ ಇಲ್ಲ. ಆದರೆ ಆ ರೊಟ್ಟಿ ಆಟದ ವಿಷಯದಲ್ಲಿ ಉರಿದಷ್ಟು ಯಾವತ್ತೂ ಉರಿದಿರಲಿಲ್ಲ.

ನನ್ನ ತವರು ಸಂತೇಬೆನ್ನೂರು. ಅಲ್ಲಿ ನಮ್ಮ ಮನೆಯಲ್ಲಿ ಮುದ್ದೆ, ಅನ್ನ. ರೊಟ್ಟಿ ಅಂದರೆ ಅಕ್ಕಿ ರೊಟ್ಟಿ. ಜಗಳೂರಿಗೆ ಸೊಸೆಯಾಗಿ ಬಂದಾಗ ಜೋಳದ ಹಿಟ್ಟು ನನ್ನ ಮಾತನ್ನೇ ಕೇಳುತ್ತಿರಲಿಲ್ಲ. ಅತ್ತೆ ತಟ್ಟಿದರೆ ರೊಟ್ಟಿ ಹಲಗೆಯ ಮೇಲೆ ತಾನೇ ತಿರುಗುತ್ತಾ ಅಗಲವಾಗುತ್ತಿತ್ತು. ನಾನು ತಟ್ಟಿದರೆ ಅಂಚು ಹರಿದು ಮೂಲೆಗೊಂದು ಬಾಲ ಬರುತ್ತಿತ್ತು. "ಏನವ್ವ ಇದು, ರೊಟ್ಟಿ ತಟ್ಟು ಅಂದ್ರೆ ಭೂಪಟ ಬರ್ದೀಯಾ?" ಅಂತ ಅತ್ತೆ ಅಂದದ್ದು ಇಡೀ ಓಣಿಗೆ ಗೊತ್ತಾಯಿತು. ಅಳುತ್ತಾ ಕಲಿತೆ. ಆಮೇಲೆ ಹತ್ತೊಂಬತ್ತು ವರ್ಷ ಈ ಮನೆಯ ರೊಟ್ಟಿಯೆಲ್ಲ ನನ್ನ ಕೈಯದ್ದೇ. ಅತ್ತೆ ತಿನ್ನುತ್ತಾರೆ, ಇನ್ನೊಂದು ಕೇಳಿ ಹಾಕಿಸಿಕೊಳ್ಳುತ್ತಾರೆ, "ಅಂಚು ದಪ್ಪ ಆತು" ಅನ್ನುತ್ತಾರೆ. ಚೆನ್ನಾಗಿದೆ ಅಂತ ಒಂದು ಸಲ, ಒಂದೇ ಒಂದು ಸಲ ಅಂದಿರಲಿಲ್ಲ. ಆ ಮಾತಿಗೆ ನಾನು ಕಾಯುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ವಾರಗಿತ್ತಿ ಹೊನ್ನಾಳಿಯವಳು, ಬಂದು ಮೂರು ವರ್ಷವಾಯಿತು. ಅವಳಿಗೆ ರೊಟ್ಟಿ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ನ್ಯಾಮತಿಯ ಗೆಳತಿಯೊಬ್ಬಳ ಜೊತೆ ಫೋನಿನಲ್ಲೇ ಮಾತಾಡುತ್ತಾ ಮೊಬೈಲ್ ಗೇಮ್ ಮಾಡುತ್ತಾಳೆ. ಬಂದ ಹೊಸದರಲ್ಲಿ ಒಂದು ದಿನ ಅವಳೂ ರೊಟ್ಟಿ ತಟ್ಟಿ ಹರಿದಳು. ನಾನು ಭೂಪಟದ ಮಾತು ಬರುತ್ತದೆ ಅಂತ ಸೆರಗು ಬಾಯಿಗೆ ಅಡ್ಡ ಹಿಡಿದು ಕಾದು ನಿಂತಿದ್ದೆ. ಅತ್ತೆ ಏನೆಂದರು ಗೊತ್ತೇ? "ಬಿಡವ್ವ, ನಿನಗೆ ನಿಂದೇ ಕೆಲಸ ಐತೆ."

ಹೋದ ವರ್ಷ ಅವಳು ಒಂದು ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು, "ಅತ್ತೆ, ನೀವು ರೊಟ್ಟಿ ತಟ್ಟೋ ಸದ್ದು ಬೇಕು, ರೆಕಾರ್ಡ್ ಮಾಡ್ಕೊಂತೀನಿ" ಅಂದಳು. ಅತ್ತೆ ಎಷ್ಟೋ ವರ್ಷದ ಮೇಲೆ ಹಲಗೆ ಮುಂದೆ ಕೂತರು, ಅದೂ ಹೊಸ ಸೀರೆ ಉಟ್ಟುಕೊಂಡು! ಎರಡು ದಿನ ನಡೆಯಿತು ಈ ಸಂಭ್ರಮ. ನಾನು ಬಾಗಿಲಲ್ಲಿ ನಿಂತು ಹಿಟ್ಟು, ನೀರು ಕೊಡುವ ಆಳಾದೆ. ದಿನಾ ತಟ್ಟುವವಳು ಇಲ್ಲಿದ್ದೇನೆ, ನನ್ನ ಕಡೆ ಒಂದು ನೋಟವೂ ಇಲ್ಲ. ಮೂರನೇ ದಿನ ಅತ್ತೆಗೆ ಮಣಿಕಟ್ಟು ನೋವು ಬಂತು, ನಾನು ಎಂದಿನಂತೆ ನನ್ನ ಜಾಗದಲ್ಲಿ ಕೂತೆ.

ಕೆಲವು ತಿಂಗಳಿಗೆ ಆಟ ಬಂತು. ಹುಚ್ಚು ಆಟ. ಪರದೆಯ ಮೇಲೆ ಜೋಳದ ಉಂಡೆ, ಕೇಳಿದ ತಾಳಕ್ಕೆ ಸರಿಯಾಗಿ ಬೆರಳಿನಿಂದ ತಟ್ಟುತ್ತಾ ಹೋಗಬೇಕು. ತಾಳ ತಪ್ಪಿದರೆ ರೊಟ್ಟಿ ಹರಿಯುತ್ತದೆ, ಬೆಕ್ಕು ಬಂದು ಕಚ್ಚಿಕೊಂಡು ಓಡುತ್ತದೆ. ತಾಳ ಕೂಡಿದರೆ ಹಂಚಿನ ಮೇಲೆ ರೊಟ್ಟಿ ಉಬ್ಬಿ ಕಿಸಕ್ಕಂತ ನಗುತ್ತದೆ. ಮುಂದೆ ಹೋದಂತೆ ಕಿಟಕಿಯಲ್ಲಿ ನೆಂಟರ ತಲೆಗಳು ಒಂದೊಂದಾಗಿ ಹೆಚ್ಚುತ್ತವೆ. ತಾಳಕ್ಕೆ ಬೇರೆ ವಾದ್ಯವಿಲ್ಲ, ಬರೀ ರೊಟ್ಟಿ ತಟ್ಟುವ ಸದ್ದು. ಅತ್ತೆಯ ಕೈ ಅಂತ ಓಣಿಯವರೆಲ್ಲ ಬಂದು ಬಂದು ಆಡಿದರು. ಅತ್ತೆ ಜಗಲಿಯ ಮೇಲೆ ಕೂತು ನಗುತ್ತಿದ್ದರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ನಾನು ಯಾರೂ ಇಲ್ಲದಾಗ ಆಡಿದೆ. ಅತ್ತೆಯ ಕೈ ಅಂತ ಒಂದೇ ಸಮ ಬೆರಳು ತಟ್ಟುತ್ತಾ ಹತ್ತು ಸಲ ಆಡಿದೆ, ಹತ್ತು ಸಲವೂ ಬೆಕ್ಕು ಬಂತು. ನಾಲ್ಕು ಏಟು ಸರಿಯಾಗಿ ಬೀಳುತ್ತಿತ್ತು, ಐದನೆಯದು ಒಂದು ಗಳಿಗೆ ತಡೆದು ಬರುತ್ತಿತ್ತು. ಅತ್ತೆಯ ಕೈ ನನಗೆ ಗೊತ್ತಿಲ್ಲವೇ? ಮಳೆ ಹನಿದಂಗೆ ಒಂದೇ ಸಮ, ನಡುವೆ ಉಸಿರೂ ಇಲ್ಲ. ಇದು ಅವರದ್ದಲ್ಲ. ಹಾಗಾದರೆ ಈ ಹೊನ್ನಾಳಿಯವಳೇ ತಾನು ತಟ್ಟಿ, ಅತ್ತೆಯ ಹೆಸರಲ್ಲಿ ಮೆರೆಯುತ್ತಿದ್ದಾಳೆ! ಹಿಟ್ಟು ನಾದಲು ಬಾರದವಳು! ಅಷ್ಟು ಹೊಳೆದದ್ದೇ ತಡ, ನನ್ನ ಉರಿಗೆ ಒಂದು ನ್ಯಾಯವೂ ಸಿಕ್ಕಿತು.

ಆಮೇಲೆ ಆಟದ ಬಗ್ಗೆ ಯಾರು ಏನು ಬರೆದರೂ ನಾನು ಹುಡುಕಿ ಓದತೊಡಗಿದೆ. ಗೇಮ್‌ಗಳ ವಿಡಿಯೋ ಮಾಡುವ ಒಬ್ಬ, "ಇಂಥ ತಿಕ್ಕಲು ಆಟ ಕಂಡಿಲ್ಲ, ಆದ್ರೆ ಬಿಡಾಕೆ ಆಗ್ತಿಲ್ಲ" ಅಂದ. ಅವತ್ತು ನನಗೆ ಊಟ ಸೇರಲಿಲ್ಲ. ಇಂಗ್ಲಿಷಿನ ಒಂದು ವೆಬ್‌ಸೈಟಿನವರು, ಚಿತ್ರ ಮುದ್ದಾಗಿದೆ, ತಾಳ ಮಾತ್ರ ಕುಂಟುತ್ತದೆ ಅಂತ ಹತ್ತಕ್ಕೆ ಐದೇ ಅಂಕ ಕೊಟ್ಟರು. ಪಿಯುಸಿ ಓದುವ ಮಗಳ ಕೈಲಿ ಅರ್ಥ ಹೇಳಿಸಿಕೊಂಡು ಹಾಲು ಕುಡಿದಷ್ಟು ಸಂತೋಷಪಟ್ಟೆ. ಒಬ್ಬಳು, ಆ ತಡೆದು ಬರುವ ಏಟಿಗೇ ಜೀವ ಇದೆ, ಅವ್ವನ ಮಡಿಲು ನೆನಪಾಯಿತು ಅಂತ ಬರೆದಿದ್ದಳು. ಇನ್ನೊಬ್ಬ ಅದೇ ಏಟಿಗೆ ಫೋನು ಒಗೆಯುವಷ್ಟು ಸಿಟ್ಟು ಬಂತು ಅಂದಿದ್ದ. ಐದು ಸ್ಟಾರ್, ಒಂದು ಸ್ಟಾರ್, ಮತ್ತೆ ಐದು, ಮತ್ತೆ ಒಂದು. ತಕ್ಕಡಿ ಆ ಕಡೆ ವಾಲಿದರೆ ನನಗೆ ಸಂಕಟ, ಈ ಕಡೆ ವಾಲಿದರೆ ಹಬ್ಬ.

ಹಬ್ಬಕ್ಕೆ ನನ್ನದೂ ಒಂದಿರಲಿ ಅಂತ ಸುಳ್ಳು ಹೆಸರಿನಲ್ಲಿ ಖಾತೆ ತೆರೆದೆ. ಫೋಟೋ ಕೇಳಿತು, ನನ್ನದು ಹಾಕುವ ಹಾಗಿಲ್ಲವಲ್ಲ, ಫೋನಿನಲ್ಲಿದ್ದ ನಮ್ಮ ಎಮ್ಮೆಯ ಫೋಟೋ ಹಾಕಿದೆ. ಒಂದು ಸ್ಟಾರ್ ಒತ್ತಿ ಬರೆದೆ: "ಈ ರೊಟ್ಟಿ ತಟ್ಟಿದವಳಿಗೆ ರೊಟ್ಟಿ ತಟ್ಟುವುದೇ ಗೊತ್ತಿಲ್ಲ. ಐದನೇ ಏಟಿಗೆ ಕೈ ನಿಲ್ಲುತ್ತದೆ. ಇಂಥ ಕೈಯ ರೊಟ್ಟಿ ನಾಯಿಯೂ ಮೂಸುವುದಿಲ್ಲ." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆರಾಮಾಗಿ ಮಲಗಿದೆ.

ವಾರ ಕಳೆದಿರಬೇಕು. ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗೆ ಕಿಟಕಿಯ ಪಕ್ಕ ವಾರಗಿತ್ತಿ ಅತ್ತೆಯ ಜೊತೆ ಕೂತಿದ್ದಳು.

"ಅತ್ತೆ, ಆ ಐದನೇ ಏಟಿಗೆ ಬೈತಾರೆ ಅಂತ ನಿನ್ನೆ ಅದನ್ನ ನೆಟ್ಟಗೆ ಮಾಡಿ ಹೊಸದು ಬಿಟ್ಟೆ. ಯಾಕೋ ಸಮಾಧಾನ ಇಲ್ಲ. ಹಳೇದು, ಹೊಸದು, ಎರಡೂ ಕೇಳಿ ಹೇಳ್ರಿ."

ಫೋನಿನಿಂದ ಟಪಟಪ ಸದ್ದು ಬಂತು, ನಿಂತಿತು, ಮತ್ತೆ ಬಂತು.

"ಹೊಸದು ಯಾರ್ದೋ ಏನೋ," ಅಂದರು ಅತ್ತೆ. "ಹಳೇದು ದೊಡ್ಡಾಕಿ ಕೈ."

ದೊಡ್ಡಾಕಿ ಅಂದರೆ ನಾನು. ತಿಕ್ಕುತ್ತಿದ್ದ ತಪ್ಪಲೆ ಹಾಗೇ ಕೈಯಲ್ಲಿ ಉಳಿಯಿತು.

"ನಿಮಗೆ ಹೆಂಗೆ ಗೊತ್ತಾತು?" ಅಂದಳು ಅವಳು. "ನಿಮ್ಮ ಕೈ ನೋವಿಗೆ ಸದ್ದು ಸಣ್ಣಗೆ ಬಂದಿತ್ತು. ಅದಕ್ಕೆ ಮೂರನೇ ದಿನ ಅಕ್ಕ ತಟ್ಟಿದ್ದನ್ನ ತಗೊಂಡೆ. ಹೇಳಾಕೆ ಹೋದಾಗೆಲ್ಲ ಅಕ್ಕ ಪಾತ್ರೆ ಕುಕ್ಕಿ ಎದ್ದು ಹೋಗ್ತಿದ್ರು."

"ಗೊತ್ತಾಗದೇನು! ಮಗಳು ಕೂಸಿದ್ದಾಗ ತೊಟ್ಟಿಲ ಹಗ್ಗನ ಕಾಲ್ಬೆರಳಿಗೆ ಕಟ್ಕೊಂಡು ತಟ್ಟೋಳು. ನಾಕು ಏಟು ತಟ್ಟೋದು, ಒಂದ್ಸಲ ಹಗ್ಗ ಎಳೆಯೋದು. ಮಗಳು ಕಾಲೇಜಿಗೆ ಹೋದ್ಲು, ಆ ಕೈ ಇನ್ನೂ ತೊಟ್ಟಿಲು ತೂಗ್ತೈತೆ." ಅತ್ತೆ ಇನ್ನೊಂದು ಮಾತು ಅಂದರು. "ನನ್ನದಕ್ಕಿಂತ ಅವಳ ರೊಟ್ಟಿ ಮೆತ್ತಗೆ ಕಣವ್ವ. ಅದಕ್ಕೇ ಎಲ್ಡು ತಿಂತೀನಿ."

ಕೈಯ ಬೂದಿ ತೊಳೆಯದೆ ಒಳಗೆ ಹೋದೆ. ನನ್ನನ್ನು ಕಂಡು ವಾರಗಿತ್ತಿ ಎದ್ದು ನಿಂತಳು.

"ಕೇಳ್ದೆ ತಗೊಂಡೆ, ತಪ್ಪಾತು ಅಕ್ಕ. ನಿಮ್ಮ ಕೈ ನಿಮಗೆ ಗುರುತು ಸಿಕ್ಕಿ, ಆ ಸಿಟ್ಟಿಗೆ ಬರೆದ್ರಿ ಅನ್ಕೊಂಡೆ."

"ನಾನೇನು ಬರೆದೆ?"

"ಆ ಎಮ್ಮೆಗೆ ಎಡಗಡೆ ಕೋಡು ಕೆಳಕ್ಕೆ ಬಗ್ಗೈತಲ್ಲ ಅಕ್ಕ. ನಾನು ದಿನಾ ನೋಡ್ತೀನಿ." ಅವಳ ಮುಖದಲ್ಲಿ ನಗುವಿರಲಿಲ್ಲ. "ಬ್ಯಾರೆ ಯಾರು ಬೈದ್ರೂ ನಾನು ಅದನ್ನ ತೆಗೀತಿರಲಿಲ್ಲ. ನ್ಯಾಮತಿ ಗೆಳತಿ ಜೊತೆ ಅದಕ್ಕೇ ಜಗಳ ಆಡೀನಿ. ನಿಮ್ಮ ಕೈನ ನೀವೇ ಬ್ಯಾಡ ಅಂದ್ರಿ. ಆಮೇಲೆ ಇಟ್ಕೊಳಾಕೆ ನಾನ್ಯಾರು? ಈಗ್ಲೂ ಒಂದು ಮಾತು ಹೇಳ್ರಿ, ವಾಪಸ್ ಹಾಕ್ತೀನಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನನ್ನ ಬಾಯಿ ಇದೆಯಲ್ಲ, ಅದಕ್ಕೆ ಯಾವಾಗ ಬುದ್ಧಿ ಇತ್ತು? "ನಿನ್ನ ಆಟ, ನಿನ್ನಿಷ್ಟ. ನನಗೇನಾಗ್ಬೇಕು!" ಅಂದು ಹಿತ್ತಲಿಗೆ ಬಂದುಬಿಟ್ಟೆ. ತಪ್ಪಲೆ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ಸಂಜೆ ಹಲಗೆ ಮುಂದೆ ಕೂತರೆ ಕೈ ಓಡಲಿಲ್ಲ. ಗೊತ್ತಿಲ್ಲದೆ ನಡೆಯುತ್ತಿದ್ದದ್ದು ಗೊತ್ತಾಗಿಬಿಟ್ಟಿತ್ತು. ಬೇಗ ತಟ್ಟಲು ಹೋದೆ, ರೊಟ್ಟಿ ಹರಿಯಿತು. ಬೇಕೆಂದೇ ತಡೆದು ತಟ್ಟಿದೆ, ಅದೂ ಹರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಅನ್ನಲು ನೆಲವೂ ಇರಲಿಲ್ಲ. ಮೂರನೇ ಉಂಡೆಗೆ ಕಣ್ಣು ಮುಚ್ಚಿದೆ. ಎಡಗಾಲಿನ ಹೆಬ್ಬೆರಳು ತಾನಾಗಿಯೇ ಒಂದಿಷ್ಟು ಅಲ್ಲಾಡಿತು. ಅಯ್ಯೋ ನನ್ನಪ್ಪ, ಹಗ್ಗ ಬಿಚ್ಚಿ ಅದೆಷ್ಟು ವರ್ಷವಾಯಿತು!

"ಏ," ಅಂತ ನಡುಮನೆಗೆ ಕೇಳುವಂತೆ ಕೂಗಿದೆ, ತಿರುಗಿ ನೋಡಲಿಲ್ಲ. "ವಾಪಸ್ ಹಾಕು ಅದನ್ನ."

ಮರುದಿನವೇ ಹಾಕಿದಳು. ಮತ್ತೆ ಅರ್ಧ ಜನ ಹೊಗಳಿದರು, ಅರ್ಧ ಜನ ಕುಂಟು ತಾಳ ಅಂತ ಬೈದರು. ಈಗ ಬೈದವರನ್ನೆಲ್ಲ ಹುಡುಕಿ ಓದಿ ಶಪಿಸುತ್ತೇನೆ. ಎಮ್ಮೆಯ ಒಂದು ಸ್ಟಾರನ್ನು ನಾಲ್ಕು ಮಾಡಿದ್ದೇನೆ. ಐದು ಕೊಡಲು ಇನ್ನೂ ಕೈ ಬರುತ್ತಿಲ್ಲ, ಯಾಕೆಂದರೆ ಕಿಚ್ಚು ಪೂರ್ತಿ ಆರಿಲ್ಲ. ಹತ್ತೊಂಬತ್ತು ವರ್ಷ ನಾನು ಕಾದ ಮಾತು ಕೊನೆಗೂ ಅತ್ತೆಯ ಬಾಯಿಂದ ಬಂತು, ಆದರೆ ಹೇಳಿದ್ದು ಅವಳಿಗೆ. ನಾನು ಕಿಟಕಿಯಾಚೆ ನಿಂತು ಕದ್ದು ಕೇಳಿಸಿಕೊಂಡವಳು. ಇವತ್ತು ಬೆಳಿಗ್ಗೆಯೂ ಅತ್ತೆ ಎರಡನೇ ರೊಟ್ಟಿ ಹಾಕಿಸಿಕೊಂಡರು. ಮುರಿದು ಬಾಯಿಗಿಟ್ಟು ನನ್ನ ಮುಖ ನೋಡಿದರು. ನಾನು ಹಂಚಿನ ಮೇಲಿನದ್ದನ್ನು ತಿರುವದೆ ಕಾದೆ.

"ಅಂಚು ದಪ್ಪ ಆತು," ಅಂದರು.