ದೊಡ್ಡಬಾವಿ ಮನೆಯ ಕಾಗದ

ಮೂವತ್ತರ ದಶಕದ ನಡುವಿನಲ್ಲಿ ನಾನು ತಮಿಳು ಸೀಮೆಯ ಅವಿನಾಶಿಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಾಗದ ವಿಂಗಡಿಸುವುದು ನನ್ನ ಕೆಲಸ. ನಮ್ಮ ಮನೆಮಾತು ಕನ್ನಡ, ಓದಲು ಬರೆಯಲು ಬರುತ್ತಿದ್ದದ್ದು ಮಾತ್ರ ತಮಿಳು ಮತ್ತು ಇಂಗ್ಲಿಷ್. ಕನ್ನಡದ ಅಕ್ಷರ ನನ್ನ ಕೈಗೆ ಬಂದದ್ದು ವಯಸ್ಸು ನಲವತ್ತು ದಾಟಿದ ಮೇಲೆ.

ನೇಕಾರರ ಬೀದಿಯ ಮುದುಕಿಯೊಬ್ಬರು ವಾರಕ್ಕೊಮ್ಮೆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಮಗಳು ಗಂಡನೊಡನೆ ಬೊಂಬಾಯಿಗೆ ಹೋಗಿ ವರ್ಷವಾಗಿತ್ತು. 'ಪೆರಿಯ ಕಿಣತ್ತು ವೀಡು' ಎಂಬ ವಿಳಾಸಕ್ಕೆ ಏನಾದರೂ ಬಂದಿದೆಯೇ ಎಂದು ತಮಿಳಿನಲ್ಲಿ ಕೇಳುತ್ತಿದ್ದರು. ಆ ಬೀದಿಯಲ್ಲಿ ಅವರ ಹೆಸರಿನವರೇ ಐದಾರು ಮಂದಿ ಇದ್ದುದರಿಂದ ಮನೆಯ ಹೆಸರು ಹೇಳಲೇಬೇಕಿತ್ತು. ಇಲ್ಲ ಎಂದು ನಾನೂ ತಮಿಳಿನಲ್ಲೇ ಹೇಳುತ್ತಿದ್ದೆ. ಇಬ್ಬರೂ ಮನೆಯಲ್ಲಿ ಆಡುವ ಮಾತು ಒಂದೇ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ದಿನ ಹೊಸ ಪೋಸ್ಟ್‌ಮ್ಯಾನ್ ಕಾರ್ಡೊಂದನ್ನು ನಗುತ್ತ ನನ್ನ ಮೇಜಿನ ಮೇಲಿಟ್ಟ. ವಿಳಾಸದಲ್ಲಿ ತಮಿಳಿನಲ್ಲಿ 'ತೊಟ್ಟಪಾವಿ ಮನೆ' ಎಂದಿತ್ತು. ತಮಿಳಿನವನಿಗೆ ಅದು 'ಮುಟ್ಟಿದ ಪಾಪಿ' ಎಂದು ಕೇಳಿಸುತ್ತದೆ. ಯಾರೋ ಬೈದು ಬರೆದಿದ್ದಾರೆ, ಅಂಥ ಮನೆ ಎಲ್ಲೂ ಇಲ್ಲ ಎಂದು ಅವನು ಹೇಳಿದ.

ನನಗೂ ನಗು ಬಂತು, ಆದರೆ ಕಾರ್ಡನ್ನು ಬದಿಗಿಡಲು ಮನಸ್ಸು ಬರಲಿಲ್ಲ. ತಮಿಳರು 'ವೀಡು' ಎನ್ನುತ್ತಾರೆ, 'ಮನೆ' ಎನ್ನುವವರು ನಾವು. ತಮಿಳು ಲಿಪಿಯಲ್ಲಿ ತ ಮತ್ತು ದ ಎರಡಕ್ಕೂ ಒಂದೇ ಅಕ್ಷರ, ಪ ಮತ್ತು ಬ ಎರಡಕ್ಕೂ ಒಂದೇ, ಟ ಮತ್ತು ಡ ಎರಡಕ್ಕೂ ಒಂದೇ. ಒಂದೊಂದನ್ನೇ ಮೆದು ಮಾಡಿ ಮೆಲ್ಲಗೆ ಹೇಳಿಕೊಂಡೆ: ದೊಡ್ಡಬಾವಿ. ಆ ಮುದುಕಿ ಕೇಳುತ್ತಿದ್ದ 'ಪೆರಿಯ ಕಿಣರು' ಎಂದರೂ ತಮಿಳಿನಲ್ಲಿ ದೊಡ್ಡ ಬಾವಿಯೇ.

ಆಮೇಲೆ ಇನ್ನೊಂದು ನೆನಪಾಯಿತು. ಎರಡು ತಿಂಗಳ ಹಿಂದೆ 'ತೊಡಪಾಯಿ ಮನೆ' ಎಂಬ ವಿಳಾಸಕ್ಕೆ ಒಂದು ಲಕೋಟೆ ಬಂದಿತ್ತು. ಒಂದು ಟಕಾರ ಸೇರಿಸಿ 'ಯಿ'ಯನ್ನು 'ವಿ' ಮಾಡಿದರೆ ಅದೂ ಇದೇ ಮನೆ. ಎರಡೇ ಅಕ್ಷರದ ದೂರ. ವಿಳಾಸದಾರರು ಸಿಗಲಿಲ್ಲ ಎಂದು ಅದರ ಮೇಲೆ ಮುದ್ರೆ ಒತ್ತಿದವನು ನಾನೇ.

ಅಂದು ಸಂಜೆ ಪೋಸ್ಟ್‌ಮಾಸ್ಟರರನ್ನು ಕೇಳಿ ಕಾರ್ಡನ್ನು ನಾನೇ ತೆಗೆದುಕೊಂಡು ಹೋದೆ. ಮುದುಕಿ ಜಗಲಿಯಲ್ಲಿ ಕೂತು ನೂಲು ಬಿಡಿಸುತ್ತಿದ್ದರು. ನಾನು ಕನ್ನಡದಲ್ಲಿ, "ಅವ್ವಾ, ದೊಡ್ಡಬಾವಿ ಮನೆ ಇದೇನಾ?" ಎಂದೆ. ಅವರ ಕೈ ನಿಂತಿತು.

ಮಗಳು ಹೇಳಿದ್ದನ್ನು ಬೊಂಬಾಯಿಯ ಯಾವನೋ ತಮಿಳಿನವನು ಕಿವಿಗೆ ಬಿದ್ದಂತೆ ಬರೆದುಕೊಟ್ಟ ಕಾರ್ಡು ಅದು. ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿ ಓದಿದೆ. ಮಗಳಿಗೆ ಹೆಣ್ಣುಮಗು ಹುಟ್ಟಿ ಮೂರು ತಿಂಗಳಾಗಿತ್ತು. ಬರೆದ ಕಾಗದ ತಿರುಗಿ ಬಂತು, ಅವ್ವನಿಗೆ ನನ್ನ ಮೇಲೆ ಕೋಪವೇ ಎಂದು ಕೇಳಿದ್ದಳು. ಅವ್ವ ಹೇಳಿ ಕಳಿಸುವ ತನಕ ಮಗುವಿಗೆ ಹೆಸರಿಡುವುದಿಲ್ಲ ಎಂದೂ ಇತ್ತು.

ಮುದುಕಿ ಸೆರಗಿನಿಂದ ಮುಖ ಒತ್ತಿಕೊಂಡರು. ಆ ಕಾಗದ ಹಿಂದಕ್ಕೆ ಕಳಿಸಿದವನು ನಾನೇ ಎಂದು ಹೇಳದೆ ಇರಲಾಗಲಿಲ್ಲ.

"ನೀ ಏನ್ ಮಾಡ್ತೀಯ ತಂಬಿ," ಎಂದರು. "ಅವ್ಳು ಈ ಮನೆಗೆ ನಾವ್ ಕರ್ಯೋ ಹೆಸ್ರು ಹೇಳವ್ಳೆ. ನಾನೇ ಅಲ್ಲಿ ಬಂದು ಅದ್ರ ತಮಿಳ್ ಹೆಸ್ರು ಕೇಳ್ದೆ."

ಮಜ್ಜಿಗೆ ತಂದುಕೊಟ್ಟರು. ಅದನ್ನು ಕುಡಿದು, ಅಲ್ಲೇ ಕೂತು ಉತ್ತರ ಬರೆದೆ. ತಮ್ಮ ತಾಯಿಯ ಹೆಸರನ್ನು ಮಗುವಿಗೆ ಇಡಬೇಕೆಂದರು. ಅದು ದಾರಿಯಲ್ಲಿ ಕೆಡಬಾರದೆಂದು ಮೂರು ಸಲ ಹೇಳಿಸಿಕೊಂಡು, ತಮಿಳಿನಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆದೆ.

ಅಲ್ಲಿಂದ ಮುಂದೆ ಒಂದು ನೋಟ್‌ಬುಕ್ ಇಟ್ಟೆ. ಮನೆ ಸಿಗದ ಕಾಗದ ಬಂದರೆ ಮೊದಲು ಬಾಯಿಬಿಟ್ಟು ಓದುವುದು, ಕ ಮತ್ತು ಗ, ಚ ಮತ್ತು ಸ ಒಂದೇ ಎಂದು ಹಿಡಿಯುವುದು, ಊರಿನ ಯಾವ ಹೆಸರಿಗೆ ಎಷ್ಟು ಅಕ್ಷರ ಬದಲಿಸಿದರೆ ಕೂಡುತ್ತದೆಂದು ಎಣಿಸುವುದು. ಎರಡರೊಳಗೆ ಇದ್ದರೆ ನಾನೋ ಪೋಸ್ಟ್‌ಮ್ಯಾನೋ ಹೋಗಿ ವಿಚಾರಿಸುತ್ತಿದ್ದೆವು. ಕೆಲವು ಸಲ ತಪ್ಪಿದ್ದೂ ಉಂಟು. ಹತ್ತಿರದ ಊರು ಅನ್ನೂರಿನ ಕಡೆಯವರ ಸಾವಿನ ಸುದ್ದಿಯೊಂದು ಒಂದೇ ಅಕ್ಷರ ಬೇರೆಯಿದ್ದ ಮನೆಗೆ ಹೋಗಿ ಅಲ್ಲಿ ಅಳು ಎದ್ದಿತ್ತು. ಆ ದಿನದಿಂದ, ಕಳಿಸಿದವರು ಯಾರು, ಎಲ್ಲಿಂದ ಬರೆಯಬಹುದು ಎಂದು ಬಾಗಿಲಲ್ಲೇ ಕೇಳಿ ತಿಳಿದ ಮೇಲೆಯೇ ಕಾಗದ ಕೊಡಬೇಕೆಂದು ನಿಯಮ ಮಾಡಿಕೊಂಡೆ.

ಮರುವರ್ಷ ಮಗಳು ಊರಿಗೆ ಬಂದಾಗ ಮುದುಕಿ ಅವಳನ್ನೂ ಮಗುವನ್ನೂ ಕಚೇರಿಗೆ ಕರೆತಂದರು. ನಾನು ಅಷ್ಟು ಜೋಪಾನವಾಗಿ ಬರೆದ ಹೆಸರು ಬೊಂಬಾಯಿಯ ನೆರೆಮನೆಯವರ ಬಾಯಲ್ಲಿ ಬೇರೆಯೇ ಆಗಿ, ತಾಯಿಯೂ ಹಾಗೇ ಕರೆಯುತ್ತಿದ್ದಳು. ನನಗೆ ಕಸಿವಿಸಿಯಾಯಿತು. ಬರೆದದ್ದು ತಪ್ಪಾಯಿತೇ ಎಂದು ಕೇಳಿದೆ.

"ಇಲ್ಲ ತಂಬಿ," ಎಂದರು ಮುದುಕಿ. "ನಾ ನನ್ ತರಾ ಕರೀತೀನಿ, ಅವ್ಳು ಅವ್ಳ ತರಾ ಕರೀತಾಳೆ. ಎರಡಕ್ಕೂ ತಿರುಗಿ ನೋಡುತ್ತೆ, ನೋಡು."

ಕರೆದರು. ಮಗು ತಾಯಿಯ ಹೆಗಲಿನಿಂದ ತಲೆ ಎತ್ತಿ ಅಜ್ಜಿಯತ್ತ ತಿರುಗಿತು.