ಹಸಿ ಕಂಡರಾಗದ ಸಾವುಕಾರರು

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿಯೇ ತಲೆ ನರೆತ ಮುರಿಗೆಪ್ಪ ಸಾವುಕಾರರಿಗೆ ಹಸಿ ಎಂಬುದು ಹುಟ್ಟು ವೈರಿ. ತೂಕ ಹೆಚ್ಚಲೆಂದು ಕಾಯಿಗೆ ನೀರು ಹೊಡೆಯುವವರ ಮನೆಯ ಮಜ್ಜಿಗೆಯನ್ನೂ ಅವರು ಮುಟ್ಟಿದವರಲ್ಲ. ಇಂಥವರ ಮನೆಯ ಎದುರಿನ ಉದ್ಯಾನದಲ್ಲಿಯೇ, ಹೂಳು ತುಂಬಿದ್ದ ಹಳೆಯ ಹೊಂಡಕ್ಕೆ ಮತ್ತೆ ನೀರು ತಂದು, ನೀರಹಕ್ಕಿಗಳಿಗೆಂದು ಸುತ್ತ ಜೊಂಡಿನಂಥ ಆಪು ಹುಲ್ಲು ನೆಟ್ಟು, ಕೆಸರನ್ನು ಕೆಸರಾಗಿಯೇ ಉಳಿಸುವ ಹೊಣೆ ಉದ್ಯಾನ ಸಮಿತಿಯ ಪುಷ್ಪಲತಾಳ ಪಾಲಿಗೆ ಬಂದಿತ್ತು. ಶಿವನ ಹೆಸರು ಹೇಳಿ ಅವಳು ಎಷ್ಟು ತಾಳಿಕೊಂಡರೂ ಸಾವುಕಾರರು ಬಿಡರು. ಬೆಳಗಿನ ತಿರುಗಾಟಕ್ಕೆ ಬಂದವರು ಊರುಗೋಲಿನಿಂದ ದಂಡೆ ಕೆದರಿ ನೀರನ್ನು ಗಟಾರಕ್ಕೆ ಹರಿಸುತ್ತಾರೆ. ಅವರ ಬೆನ್ನ ಹಿಂದೆಯೇ ಅವಳು ಗೊಣಗುತ್ತ ಮಣ್ಣು ಮೆತ್ತುತ್ತಾಳೆ. "ಸಾವುಕಾರ್ರ, ಈ ಹೊಂಡ ಏನು ನಿಮ್ಮ ಗೋದಾಮೇನ್ರಿ?" ಎಂದರೆ, "ಹಸಿ ಇದ್ದಲ್ಲಿ ಕೊಳೀತೈತಿ ತಂಗಿ, ಒಣಗಿಸಿದ್ದಷ್ಟ ಬಾಳತೈತಿ" ಎನ್ನುತ್ತಾರೆ. ಆಪಿನ ನಡುವೆ ನೀರುಕೋಳಿ ಮರಿ ಮಾಡಿದಾಗ ಅವಳು ಕೈಮುಗಿದು, "ಇವಕ್ಕ ರೆಕ್ಕಿ ಬಲಿಯೂತನಕ ಆದ್ರೂ ನೀರು ಇರಲಿ ಬಿಡ್ರಿ" ಎಂದಳು. "ಕೋಳಿ ಅಂದಮ್ಯಾಲೆ ಒಣಾ ನೆಲದಾಗ ಕೆದರಬೇಕು" ಎಂದು ಮುಂದೆ ನಡೆದರು. ಬೇಸಿಗೆ ಬಿರುಸಾಗಿ ಹೊಂಡ ತಾನಾಗಿಯೇ ಬತ್ತತೊಡಗಿತು. ಇನ್ನು ಸಾವುಕಾರರಿಗೆ ಹಬ್ಬವೇ ಎಂದು ಹಲ್ಲು ಕಚ್ಚಿಕೊಂಡು ಅವಳು ಒಂದು ಮುಂಜಾನೆ ಬೇಗನೆ ಬಂದರೆ, ಧೋತರ ಎತ್ತಿ ಕಟ್ಟಿದ ಸಾವುಕಾರರು ಮನೆಯಿಂದ ಎಳೆದು ತಂದ ಪೈಪು ಹಿಡಿದು ಆಪಿನ ಬುಡಕ್ಕೆ ನೀರು ಬಿಡುತ್ತಿದ್ದರು. ಕರಿಯ ಮರಿಗಳು ಆ ಕೆಸರಿನಲ್ಲಿ ಓಡಾಡುತ್ತಿದ್ದವು. ಅವಳನ್ನು ಕಂಡದ್ದೇ ಪೈಪನ್ನು ಬೆನ್ನ ಹಿಂದೆ ಅಡಗಿಸಿದರು. ಧೋತರವೆಲ್ಲ ತೊಯ್ದುಹೋಯಿತು. "ಪ್ಯಾಟ್ಯಾಗ ಯಾರಿಗೂ ಹೇಳಬ್ಯಾಡ ತಂಗಿ," ಎಂದರು, "ಮುರಿಗೆಪ್ಪನೂ ನೀರು ಹೊಡೀತಾನ ಅಂದಾರು."